ಶುಕ್ರವಾರದ ಮಾತ್ರೆಗಳು

ಎಂಬತ್ತನಾಲ್ಕನೇ ಇಸವಿಯಲ್ಲಿ ನಾನು ಬಿಕರ್ನಕಟ್ಟೆಯಲ್ಲಿ ಡಾಕ್ಟರ್ ಶಶಿಪ್ರಭಾ ಅವರ ಕ್ಲಿನಿಕ್ಕಿನ ಕಂಪೌಂಡರ್. ಕಂಪೌಂಡರ್ ಎಂದರೆ ಈಗಿನವರಿಗೆ ಗೊತ್ತಿಲ್ಲ. ಮದ್ದು ಕಲಸುವುದು, ಚೀಟಿ ಓದುವುದು, ಡಾಕ್ಟರು ಬೈದದ್ದನ್ನು ರೋಗಿಗೆ ಮೆತ್ತಗೆ ಮಾಡಿ ಹೇಳುವುದು. ಮೂರನೆಯದು ನನಗೆ ಯಾವತ್ತೂ ಬರಲಿಲ್ಲ.

ಚಂಪಾ ಬೀಡಿ ಕಟ್ಟುವವಳು. ಗಂಡ ಲೋಕಯ್ಯ ಬಹ್ರೈನಿನಲ್ಲಿ. ಅವನು ಹೋದ ಹೊಸತರಲ್ಲಿ ಒಂಬತ್ತು ತಿಂಗಳು ಕಾಗದ ಬರಲಿಲ್ಲ. ಇವಳಿಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು, ನಿದ್ದೆ ಬಾರದಾಯಿತು. ಯಾರೋ ಒಬ್ಬ ಡಾಕ್ಟರು ಲೋರಾಜೆಪಾಮ್ ಎಂಬ ನಿದ್ದೆ ಮಾತ್ರೆ ಬರೆದುಕೊಟ್ಟರು, ಹದಿನೈದು ದಿನಕ್ಕೆ. ಆಮೇಲೆ ಕಾಗದ ಬಂತು, ಗಂಡನೂ ಎರಡು ಸಲ ಊರಿಗೆ ಬಂದುಹೋದ. ಇವಳು ಮಾತ್ರ ಅದೇ ಚೀಟಿ ತೋರಿಸಿ ಆರು ವರ್ಷ ಅದೇ ಬಿಳಿ ಮಾತ್ರೆ ನುಂಗಿದಳು. ಚೀಟಿ ಮಡಚಿ ಮಡಚಿ ನಾಲ್ಕು ತುಂಡಾಗಿತ್ತು. ಅಂಗಡಿಯವರು ತುಂಡು ಜೋಡಿಸಿ, ಓದಿ, ಮಾತ್ರೆ ಕೊಡುತ್ತಿದ್ದರು.

ನಮ್ಮಲ್ಲಿಗೆ ಬಂದದ್ದು ಒಲೆಯ ಮುಂದೆ ಕೂತಲ್ಲೇ ನಿದ್ದೆ ಹೋಗಿ ಸೆರಗೂ ಕೈಯೂ ಸುಟ್ಟುಕೊಂಡ ಮೇಲೆ. ಡಾಕ್ಟರು ಗಾಯ ನೋಡಿದರು, ಚೀಟಿ ನೋಡಿದರು.

“ಇದನ್ನು ಬಿಡ್ಬೇಕು. ಒಮ್ಮೆಲೇ ಅಲ್ಲ, ಒಮ್ಮೆಲೇ ಬಿಟ್ರೆ ಫಿಟ್ಸ್ ಬರ್ತದೆ. ಸ್ವಲ್ಪ ಸ್ವಲ್ಪ ಕಡಿಮೆ ಮಾಡುವ.”

“ಕಡಿಮೆ ಮಾಡಿದ್ರೆ ಕೈ ನಡುಗ್ತದೆ ಡಾಕ್ಟರಕ್ಕ. ಕೈ ನಡುಗಿದ್ರೆ ನನ್ನ ಕಾರ್ಡ್ ಹೋಗ್ತದೆ.”

ಕಾರ್ಡ್ ಎಂದರೆ ಬೀಡಿ ಕಂಪನಿಯ ಬ್ರಾಂಚಿನ ಕಾರ್ಡ್. ಸೋಮವಾರ ಬ್ರಾಂಚಿನವರು ಎಲೆ, ಹೊಗೆಸೊಪ್ಪು ತೂಗಿ ಕೊಡುತ್ತಾರೆ, ಶನಿವಾರ ಕಟ್ಟಿದ ಬೀಡಿ ಒಪ್ಪಿಸಬೇಕು. ಚೆಕ್ಕರ್ ಗುಣಪಾಲ ಎಂಬವನು ಒಂದೊಂದು ಕಟ್ಟನ್ನೂ ತಿರುಗಿಸಿ ನೋಡಿ, ಬಾಯಿ ಸರಿಯಾಗಿ ಮುಚ್ಚದ ಬೀಡಿಯನ್ನು ಮುರಿದು ಬಿಸಾಡುತ್ತಿದ್ದ. ಹಾಗೆ ಮುರಿದದ್ದು ಮೂರು ವಾರ ಹೆಚ್ಚಾದರೆ ಕಾರ್ಡ್ ರದ್ದು. ಒಮ್ಮೆ ಹೋದ ಕಾರ್ಡ್ ತಿರುಗಿ ಸಿಗುವುದಿಲ್ಲ, ಅದಕ್ಕೆ ಕಾದು ನಿಂತ ಹೆಂಗಸರು ಓಣಿಗೆ ಹತ್ತು ಮಂದಿ. ಚಂಪಾಳ ಹೆಸರಿನಲ್ಲಿ ಸರಕಾರದ ರೇಷನ್ ಕಾರ್ಡ್ ಕೂಡ ಇರಲಿಲ್ಲ, ಅದು ಗಂಡನ ಹೆಸರಿನಲ್ಲಿತ್ತು. ಅವಳದ್ದು ಎನ್ನುವುದು ಬೀಡಿ ಕಾರ್ಡ್ ಒಂದೇ.

ಡಾಕ್ಟರು ದಿನಕ್ಕೆ ಕಾಲು ಮಾತ್ರೆಯಷ್ಟು ಇಳಿಸಿದರು. ಹದಿನೈದು ದಿನ ಬಿಟ್ಟು ಇನ್ನೊಂದು ಕಾಲು. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಹೆಂಗಸು ಸೊರಗುತ್ತಾ ಬಂದಳು. ಬುಧವಾರ ಬಂದರೆ ಬೆವರು, ನಡುಕ, ಗೋಡೆ ಹತ್ತಿರ ಬರುತ್ತದೆ ಎನ್ನುವ ಹೆದರಿಕೆ. ಶನಿವಾರ ನೋಡಿದರೆ ಮಂಕು.

“ಈ ಮದ್ದು ಬೇಗ ರಕ್ತದಿಂದ ಇಳಿದುಹೋಗ್ತದೆ, ಅದಕ್ಕೇ ಹೀಗೆ,” ಎಂದು ಡಾಕ್ಟರು ಡಯಾಜೆಪಾಮಿಗೆ ಬದಲಾಯಿಸಿದರು. ಅದು ನಿಧಾನ ಇಳಿಯುವ ಜಾತಿ. ಬಿಳಿಯದು ಒಂದು ತೆಗೆದಲ್ಲಿಗೆ ಹಳದಿಯದು ಎರಡು. ತಿಂಗಳು ಹಿಡಿಯಿತು. ಕೊನೆಗೆ ದಿನಕ್ಕೆ ಮೂರು ಹಳದಿ ಎಂದಾಯಿತು. ಡಾಕ್ಟರು ಪ್ರತಿ ಸಲ ಕೇಳುತ್ತಿದ್ದರು, “ವಾರಕ್ಕೆ ಎಷ್ಟಾಯ್ತು?”

“ಇಪ್ಪತ್ತೊಂದು.”

ಸರಿ. ಅದೇ ವಾರ, ಶನಿವಾರ, ಚಂಪಾ ಬ್ರಾಂಚಿನ ಸಾಲಿನಲ್ಲಿ ಬೀಡಿಯ ಮೊರದಂಥ ಗೆರಸೆ ಮಡಿಲಲ್ಲಿಟ್ಟುಕೊಂಡು ಮಲಗಿಬಿಟ್ಟಳು. ಎಬ್ಬಿಸಿದರೆ ಏಳುವುದಿಲ್ಲ. ನಾದಿನಿ ಹೇಮಾಕ್ಷಿ ರಿಕ್ಷಾದಲ್ಲಿ ಹಾಕಿಕೊಂಡು ಬಂದಳು. ಜೀವಕ್ಕೇನೂ ಆಗಲಿಲ್ಲ. ಮರುದಿನ ಡಾಕ್ಟರು ನನ್ನನ್ನು ಅವಳ ಮನೆಗೆ ಕಳುಹಿಸಿದರು.

ಗೆರಸೆಯಲ್ಲಿ ಮಾತ್ರೆಗಳನ್ನು ಬೀಡಿ ಎಲೆಯ ಚೂರಿನಲ್ಲಿ ಮಡಚಿ ಇಟ್ಟಿದ್ದಳು. ಆರು ಮಡಿಕೆ. ಒಂದರಲ್ಲಿ ಒಂದು, ಒಂದರಲ್ಲಿ ಎರಡು, ಒಂದರಲ್ಲಿ ಮಾತ್ರ ಹನ್ನೊಂದು.

“ಇದೆಂತ ಮಾರಾಯ್ತಿ?”

“ಅದು ಶುಕ್ರವಾರದ್ದು.”

“ಶುಕ್ರವಾರ ಹನ್ನೊಂದು ತಿಂತೀಯಾ?”

“ಮತ್ತೆ? ಸೋಮವಾರ ಎಲೆ ತರುವುದು. ಮಂಗಳವಾರ ನೆನೆಸುವುದು. ಬುಧವಾರ ಕತ್ತರಿಸುವುದು. ಅದಕ್ಕೆಲ್ಲ ಎಂತಕ್ಕೆ ಮಾತ್ರೆ? ಕೈ ನಿಲ್ಬೇಕಾದ್ದು ಬಾಯಿ ಮುಚ್ಚುವಾಗ. ವಾರಕ್ಕೆ ಇಪ್ಪತ್ತೊಂದು ಹೇಳಿದ್ರು, ಇಪ್ಪತ್ತೊಂದೇ ತಿಂದದ್ದು. ಒಂದು ಕದ್ದಿಲ್ಲ.”

“ಬಿಳಿ ಮಾತ್ರೆಯೂ ಹೀಗೆಯೇ?”

“ಹೀಗೆಯೇ. ಯಾರಾದ್ರೂ ದಿನಾ ಒಂದೇ ಲೆಕ್ಕದಲ್ಲಿ ಬೀಡಿ ಕಟ್ತಾರಾ ಅಣ್ಣ?”

ನಾನು ಬಂದು ಹೇಳಿದೆ. ಡಾಕ್ಟರು ತಾವೇ ಬರೆದ ಚೀಟಿ ತೆಗೆದು ನೋಡಿದರು. “ವಾರದ ಲೆಕ್ಕ ಕೇಳಿದ್ದು ನಾನೇ,” ಎಂದರು. ಚಂಪಾಳ ಮೇಲೆ ಒಂದು ಮಾತೂ ಇಲ್ಲ. ನಾನಾಗಿದ್ದರೆ, ಸುಳ್ಳು ಯಾಕೆ ಹೇಳಲಿ, ಬೈಯುತ್ತಿದ್ದೆ.

ಆಮೇಲೆ ಅವಳನ್ನು ಕೂರಿಸಿ ನೇರವಾಗಿ ಹೇಳಿದರು. ದಿನಾ ಸಮನಾಗಿ ತಿನ್ನಬೇಕು. ತಿಂಗಳಿಗೆ ಇಷ್ಟಿಷ್ಟೇ ಇಳಿಸುವುದು. ಹೇಗೆ ಮಾಡಿದರೂ ಮೊದಲ ಮೂರು ನಾಲ್ಕು ತಿಂಗಳು ಕೈ ನಡುಗುತ್ತದೆ, ಅದಕ್ಕೆ ತನ್ನಲ್ಲಿ ಮದ್ದಿಲ್ಲ.

“ಬೇಡದಿದ್ರೆ ಹೇಳು. ಈಗ ಇದ್ದ ಲೆಕ್ಕದಲ್ಲಿಯೇ ಇಡ್ತೇನೆ.”

ಚಂಪಾ ಸುಟ್ಟ ಕೈಯನ್ನು ನೋಡಿಕೊಂಡಳು. “ಇಳಿಸಿ,” ಎಂದಳು.

ಬೀಡಿ ಕಟ್ಟಲು ಹೇಮಾಕ್ಷಿ ಕೂತಳು. ಒಬ್ಬಳ ಕಾರ್ಡಿನಲ್ಲಿ ಇನ್ನೊಬ್ಬಳು ಕಟ್ಟುವುದು ತಪ್ಪು, ಎಲ್ಲ ಮನೆಯಲ್ಲೂ ನಡೆಯುವ ತಪ್ಪು. ಆದರೆ ಗುಣಪಾಲನಂಥ ಚೆಕ್ಕರನಿಗೆ ಬೀಡಿಯ ಬಾಯಿ ಮಡಚಿದ ರೀತಿ ನೋಡಿದರೆ ಯಾರ ಕೈ ಎಂದು ತಿಳಿಯುತ್ತದೆ. ಮೊದಲ ಶನಿವಾರ ಅವನು ಒಂದು ಕಟ್ಟು ಎತ್ತಿ ಕಣ್ಣಿನ ಹತ್ತಿರ ಹಿಡಿದ.

“ಇದು ನಿನ್ನ ಕೈ ಅಲ್ಲವಲ್ಲ ಚಂಪಾ.”

“ಅಲ್ಲ.”

“ಬೇರೆಯವಳಾದ್ರೆ ನನ್ನದೇ ಅಂತ ಆಣೆ ಹಾಕ್ತಿದ್ಳು.” ಕಟ್ಟನ್ನು ಪಾಸಾದ ಕಟ್ಟುಗಳ ಜೊತೆ ಇಟ್ಟ. “ನಾನು ಕೇಳ್ಲಿಲ್ಲ, ನೀನು ಹೇಳ್ಲಿಲ್ಲ.”

ಹದಿನಾಲ್ಕು ತಿಂಗಳಾಯಿತು. ನಡುವೆ ಎರಡು ಸಲ ಇಳಿಸುವುದನ್ನು ನಿಲ್ಲಿಸಬೇಕಾಯಿತು. ಒಂದು ಸಲ ಅವಳು ವಾರವಿಡೀ ಬಾಗಿಲು ಹಾಕಿಕೊಂಡು ಕೂತಳು, ಬಸ್ಸಿನ ಹಾರ್ನ್ ಕೇಳಿದರೆ ಅಳುತ್ತಿದ್ದಳು. ಮಾತ್ರೆ ಪೂರ್ತಿ ನಿಂತ ಮೇಲೂ ನಿದ್ದೆ ಮೊದಲಿನ ಹಾಗೆ ಬರಲಿಲ್ಲ, ಡಾಕ್ಟರು ಬರುತ್ತದೆ ಎಂದೂ ಹೇಳಿರಲಿಲ್ಲ.

ಆಮೇಲೆ ಒಂದು ಶನಿವಾರ ತಾನೇ ಕಟ್ಟಿದ್ದನ್ನು ಒಪ್ಪಿಸಲು ಹೋದಳು. ಮಾತ್ರೆ ತಿನ್ನುತ್ತಿದ್ದ ಕಾಲದಲ್ಲಿ ಅವಳ ಗೆರಸೆಯಲ್ಲಿ ಮುರಿಯುವಂಥದ್ದು ಒಂದೋ ಎರಡೋ. ಅವತ್ತು ಗುಣಪಾಲ ಮುರಿಯುತ್ತಾ ಹೋದ, ನಲವತ್ತು ದಾಟಿತು. ಐವತ್ತಕ್ಕೆ ಕಾರ್ಡಿನಲ್ಲಿ ಕೆಂಪು ಗುರುತು ಬೀಳುತ್ತದೆ, ಅಂಥದ್ದು ಮೂರು ಬಿದ್ದರೆ ಕಾರ್ಡ್ ಹೋಯಿತು. ನಲವತ್ತಾರಕ್ಕೆ ಗೆರಸೆ ಖಾಲಿಯಾಯಿತು.

“ಹೇಮಾಕ್ಷಿಯನ್ನೇ ಕೂರಿಸು,” ಎಂದ ಅವನು. “ಅವಳ ಬೀಡಿಯ ಬಾಯಿ ಚಂದ ಮುಚ್ತದೆ.”

“ಕಾರ್ಡ್ ನನ್ನದಲ್ವಾ,” ಎಂದಳು ಚಂಪಾ. ಸೋಮವಾರ ಎಲೆ ತೂಗುವಲ್ಲಿ ತಾನೇ ಬಂದು ಗೆರಸೆ ಚಾಚಿದಳು.