ಪಾವ್‌ಚೂ ಕಾಲಿನ ನೋವು ಯಾರದ್ದು

ಇದರಲ್ಲಿ ಒಂದೇ ಒಂದು ಮಾತು ಸುಳ್ಳಿದ್ರೂ ಕಡಲು ಕಾಯೋ ಮಾಜು ತಾಯಿ ನನ್ನ ದೋಣಿ ಮಗುಚಿಹಾಕ್ಲಿ. ನನ್ನ ಹತ್ರ ದೋಣಿ ಇಲ್ಲ ಅನ್ನೋದು ಬೇರೆ ಮಾತು. ಆಣೆ ಅಂದ್ರೆ ಆಣೆ.

ತೈನಾನ್ ರಸ್ತೇಲಿ, ಮೀನುಪೇಟೆ ಎದುರಿಗೆ ಪಾವ್‌ಚೂ ತಿಂಡಿ ಅಂಗಡಿ. ಮೊಟ್ಟೆ ರೊಟ್ಟಿ, ಸೋಯಾ ಹಾಲು, ಅಷ್ಟೇ. ಇಪ್ಪತ್ತೊಂಬತ್ತು ವರ್ಷ ಬಾಡಿಗೆ ಕಟ್ಟಿದ ಮೇಲೆ ಮಾಲೀಕ ಅಂಗಡಿ ಮಾರ್ತೀನಿ ಅಂದ. ತಿಂಗಳೊಳಗೆ ನಾಲ್ಕು ಲಕ್ಷ ಮುಂಗಡ ಇಟ್ರೆ ಅವಳಿಗೆ, ಇಲ್ದಿದ್ರೆ ಮೊಬೈಲ್ ಮಾರೋನಿಗೆ. ಅದೇ ತಿಂಗಳು ಅವಳು ಗಂಡ ಚಿನ್‌ಶುಯಿಯಿಂದ ಡೈವೋರ್ಸ್ ತಗೊಳ್ತಿದ್ಲು. ಕಾರಣ ಪಂದ್ಯದ ಪಾರಿವಾಳ. "ಹಕ್ಕಿಗೆ ನೆಗಡಿಯಾದ್ರೆ ಡಾಕ್ಟ್ರು, ನನಗೆ ಜ್ವರ ಬಂದ್ರೆ ಬಿಸಿನೀರು," ಅಂತಿದ್ಲು.

ಎರಡು ವರ್ಷದ ಹಿಂದೆ ಗ್ಯಾಸ್ ಲಾರಿಯೊಂದು ಗುದ್ದಿ ಚಿನ್‌ಶುಯಿಯ ಎಡಗಾಲು ಮುರಿದಿತ್ತು. ಪರಿಹಾರವೂ ಬಂದಿತ್ತು. ಅದನ್ನ ಹಂಚ್ಕೊಳ್ಳೋಕೆ ಇಬ್ಬರೂ ಪುರಸಭೆಯ ರಾಜಿ ಕೋಣೆಗೆ ಹೋದ್ರು. ಅಲ್ಲಿ ರಾಜಿ ಮಾಡ್ಸೋರು ಚಿಯೂ ಮೇಷ್ಟ್ರು. ಮೂರು ಲೋಟ ಚಹಾ ಕುಡಿಯೋತನಕ ಯಾರಿಗೂ ಬಾಯಿ ಬಿಡೋಕೆ ಬಿಡಲ್ಲ ಅವರು. ಮೂರು ಲೋಟ ಹೊಟ್ಟೆಗೆ ಹೋದ ಮೇಲೆ ಜಗಳ ಆಡೋಕೆ ಜಾಗ ಇರಲ್ಲ ಅಂತ ಅವರ ಲೆಕ್ಕ.

"ಕೇಳಿ," ಅಂದ್ರು ಮೇಷ್ಟ್ರು. "ಆಸ್ಪತ್ರೆ ದುಡ್ಡು ಆಸ್ಪತ್ರೆಗೆ ಹೋಯ್ತು. ಕೆಲಸ ತಪ್ಪಿದ್ದಕ್ಕೆ ಕೊಟ್ಟದ್ದು ಸಂಸಾರದ್ದು, ಅದ್ರಲ್ಲಿ ಉಳಿದಿರೋದು ಅರ್ಧರ್ಧ. ಇನ್ನು ನಾಲ್ಕು ಲಕ್ಷ ಇದೆಯಲ್ಲ, ಅದು ನೋವಿಗೆ ಕೊಟ್ಟದ್ದು. ಅದನ್ನ ಹಂಚೋ ಹಾಗಿಲ್ಲ. ನೋವು ಯಾರು ತಿಂದ್ರೋ ದುಡ್ಡು ಅವರದ್ದು. ಕಾನೂನು."

ಚಿನ್‌ಶುಯಿ ಕುರ್ಚೀಲೇ ಉಬ್ಬಿಹೋದ. "ಕೇಳಿಸ್ತೇನೇ? ಕಾನೂನು!"

"ಕೇಳಿಸ್ತು," ಅಂದ್ಲು ಪಾವ್‌ಚೂ. ಅವಳಿಗೆ ಬೇಕಾಗಿದ್ದದ್ದೂ ಅದೇ ಮಾತು. ಮೂರು ವಾರದಿಂದ ಅದನ್ನೇ ಕಾಯ್ತಾ ಇದ್ಲು. "ಮೇಷ್ಟ್ರೇ, ಇನ್ನೊಂದ್ಸಲ ಹೇಳಿ. ಯಾರು ತಿಂದ್ರೋ ಅವರದ್ದು?"

"ಅವರದ್ದೇ."

"ಹಾಗಾದ್ರೆ ಬರ್ಕೊಳ್ಳಿ. ನೋವು ನನ್ನದು."

ಇದು ಊರಿಗೆಲ್ಲ ಗೊತ್ತಿರೋ ಸಂಗತಿ. ಕಾಲು ಮುರಿದ ವಾರದಲ್ಲಿ ಚಿನ್‌ಶುಯಿ ರಾತ್ರಿಯೆಲ್ಲ ಬೊಬ್ಬೆ ಹಾಕ್ತಿದ್ದ. ಹೆದರಿಕೆ ಮೂಳೆಗೆ ಇಳಿದಿದೆ, ಬಿಡಿಸಬೇಕು ಅಂದ್ರು. ಹೆದರಿಕೆ ಬಿಡಿಸೋದು ಕಾಂಗ್ ಅಜ್ಜಿ. ಅಕ್ಕಿ ತುಂಬಿದ ಬಟ್ಟಲಿಗೆ ರೋಗಿ ಹಾಕ್ಕೊಂಡ ಬಟ್ಟೆ ಸುತ್ತಿ, ಅವನ ಹೆಸರು ಹಿಡಿದು ಕೂಗ್ತಾಳೆ. ಪಾವ್‌ಚೂ ಗೂಟದಲ್ಲಿದ್ದ ಹಳದಿ ಜಾಕೀಟು ತಗೊಂಡು ಓಡಿದ್ಲು. ಆದ್ರೆ ಆ ವರ್ಷ ದೇವಸ್ಥಾನದವರು ಮನೆಮನೆಗೂ ಒಂದೇ ಥರದ ಹಳದಿ ಜಾಕೀಟು ಹಂಚಿದ್ರು, ಗಂಡಂಗೊಂದು, ಹೆಂಡ್ತಿಗೊಂದು. ಕೂಗಿದ್ದು ಗಂಡನ ಹೆಸರು, ಸುತ್ತಿದ್ದು ಹೆಂಡ್ತಿ ಜಾಕೀಟು. ಬೆಳಗಾದ್ರೆ ಅವನ ನೋವು ಮಾಯ. ಇವಳ ಎಡಗಾಲು ನೆಲಕ್ಕೂರೋಕಾಗ್ಲಿಲ್ಲ.

ಅವತ್ತಿಂದ ಅವಳ ರೊಟ್ಟಿಗಳೆಲ್ಲ ಒಂದು ಕಡೆಗೆ ವಾಲ್ಕೊಂಡೇ ಬಂದ್ವು. ತಿನ್ನೋರು ಕತ್ತು ವಾರೆ ಮಾಡ್ಕೊಂಡು ತಿಂದ್ರು, ಎಷ್ಟೋ ಜನಕ್ಕೆ ಇನ್ನೂ ನೆಟ್ಟಗಾಗಿಲ್ಲ.

"ಸುಳ್ಳು ಮೇಷ್ಟ್ರೇ!" ಅಂದ ಚಿನ್‌ಶುಯಿ. "ಮುರಿದದ್ದು ನನ್ನ ಕಾಲು. ಎಕ್ಸ್‌ರೇ ಇದೆ."

"ಮೂಳೆ ನಿನ್ನದೇ ಮಾರಾಯ, ಇಟ್ಕೋ," ಅಂದ್ಲು ಪಾವ್‌ಚೂ. "ನಾನು ಕೇಳ್ತಿರೋದು ನೋವು. ಪ್ರತಿ ಪಂದ್ಯಕ್ಕೂ ಹಕ್ಕಿ ಬಿಡೋ ಮುಂಚೆ ಗಾಳಿ ಹೇಗಿರುತ್ತೆ ಅಂತ ಯಾರ ಕಾಲನ್ನ ಕೇಳ್ತಿದ್ದೆ?"

ಚಿನ್‌ಶುಯಿ ಚಹಾ ಹೀರಿದ. ಲೋಟ ಖಾಲಿ ಇತ್ತು, ಆದ್ರೂ ಹೀರಿದ.

"ಹೇಳಪ್ಪ," ಅಂದ್ರು ಮೇಷ್ಟ್ರು.

"ಅವಳ ಕಾಲು," ಅಂದ, ಹಲ್ಲೊಳಗೇ. "ಗಾಳಿ ತಿರುಗೋ ಮುಂಚೆ ಅದು ನೋಯುತ್ತೆ."

"ಗೆದ್ಯಾ?" ಅಂದ್ಲು ಪಾವ್‌ಚೂ.

"ಮೂರ್ಸಲ."

"ಮೀನುಪೇಟೇಲಿ ಬಿಯರ್ ಕುಡಿದು ಏನಂದೆ? 'ನನ್ನ ನೋವನ್ನೆಲ್ಲ ಅಜ್ಜಿ ಹೆಂಡ್ತಿ ಕಾಲಿಗೆ ಸಾಗಿಸಿಬಿಟ್ಲು, ನಾನೀಗ ಹುಡುಗ' ಅನ್ಲಿಲ್ವಾ? ನಲವತ್ತು ಜನ ಕೇಳಿದ್ದಾರೆ. ಕರೀಲಾ? ಹೊರಗೇ ನಿಂತಿದ್ದಾರೆ."

ನಿಂತೇ ಇದ್ರು. ಕತ್ತು ವಾರೆ ಮಾಡ್ಕೊಂಡು ಕಿಟಕೀಲಿ ಇಣುಕ್ತಿದ್ರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದ್ರು. ಮೂವತ್ತು ವರ್ಷ ಲೆಕ್ಕದ ಪಾಠ ಮಾಡಿದೋರು, ಇಂಥ ಭಾಗಾಕಾರ ಕಂಡಿರ್ಲಿಲ್ಲ. "ಮಾಡಿದ್ದು ಅಜ್ಜಿ, ಅಜ್ಜೀನೇ ಕೇಳೋಣ," ಅಂದ್ರು.

ಕಾಂಗ್ ಅಜ್ಜಿ ಅಕ್ಕಿ ಬಟ್ಟಲು ಸಮೇತ ಬಂದು ಕೂತ್ಲು. "ತಪ್ಪು ಜಾಕೀಟಿಂದು, ನಂದಲ್ಲ," ಅಂದ್ಲು. "ಅದಕ್ಕೇನಂತೆ? ಲೇ ಚಿನ್‌ಶುಯಿ, ನೀನು ಹಾಕ್ಕೊಂಡಿರೋದು ನಿನ್ನದೇ ಜಾಕೀಟು ತಾನೆ? ಬಿಚ್ಚು. ಮೂರ್ಸಲ ಕೂಗ್ತೀನಿ. ನಿನ್ನ ನೋವು ನಿನಗೆ, ನಾಲ್ಕು ಲಕ್ಷವೂ ನಿನಗೆ. ಎರಡು ವರ್ಷದ್ದು ಬಡ್ಡಿ ಸೇರಿ ಒಟ್ಟಿಗೇ ಬರುತ್ತೆ, ಸ್ವಲ್ಪ ಗಟ್ಟಿಯಾಗಿ ಕೂತ್ಕೋ."

"ಬಡ್ಡೀನಾ?"

"ಮತ್ತೆ? ಬೆಳೆದಿರಲ್ವೇನೋ ಅದು?"

ಪಾವ್‌ಚೂ ಇನ್ನೊಂದು ಲೋಟ ಚಹಾ ಬಗ್ಗಿಸ್ಕೊಂಡ್ಲು. ಗಂಡನ್ನ ಅವಳು ಇಪ್ಪತ್ತೊಂಬತ್ತು ವರ್ಷ ನೋಡಿದ್ಲು. ಪಾರಿವಾಳದ ಗೂಡು ಮೂರನೇ ಮಹಡಿ ಮೇಲಿದೆ, ಅಲ್ಲಿಗಿರೋದು ಬರೀ ಏಣಿ, ಶರತ್ಕಾಲದ ಪಂದ್ಯಕ್ಕೆ ಇನ್ನು ಒಂಬತ್ತೇ ದಿನ. ಅವನ ಕೈ ಜಾಕೀಟಿನ ಗುಂಡಿಗೆ ಹೋಯ್ತು. ಒಂದು ಗುಂಡಿ ಬಿಚ್ಚಿದ. ಅಜ್ಜಿ ಬಟ್ಟಲು ಎತ್ತಿ ಗಂಟಲು ಸರಿಮಾಡ್ಕೊಂಡ್ಲು. ಅವನು ಗಬಕ್ಕನೆ ಗುಂಡಿ ಹಾಕ್ಕೊಂಡ.

"ಸಹಿ ಎಲ್ಲಿ ಹಾಕ್ಬೇಕು ಮೇಷ್ಟ್ರೇ?"

ಸಾಯಂಕಾಲದೊಳಗೆ ಪಾವ್‌ಚೂ ಮುಂಗಡ ಇಟ್ಟು ಬಂದ್ಲು. ಮಾಲೀಕ ಕರಾರು ಬರೆದುಕೊಟ್ಟ, ಮೊಬೈಲಿನವನು ಬಾಗಿಲಲ್ಲೇ ನಿಂತಿದ್ದ, ಅವನಿಗೂ ಒಂದು ರೊಟ್ಟಿ ಕಟ್ಟಿಕೊಟ್ಲು.

ಆದ್ರೆ ಇಷ್ಟಕ್ಕೇ ಮುಗೀಲಿಲ್ಲ ನೋಡಿ. ಮಾರನೇ ದಿನ ಆ ಗ್ಯಾಸ್ ಲಾರಿ ಡ್ರೈವರ್ ಬಂದ. ಪೆಟ್ಟು ತಿಂದೋರಿಗೆ ಹಂದಿಕಾಲಿನ ಶಾವಿಗೆ ತಿನ್ನಿಸಿದ್ರೇ ಗ್ರಹಚಾರ ಬಿಡೋದು, ನಾನು ತಪ್ಪು ಮನುಷ್ಯನಿಗೆ ತಿನ್ನಿಸಿಬಿಟ್ಟಿದೀನಿ ಅಂತ ಅಳೋಕೆ ಶುರುಮಾಡಿದ. ಒಂದು ಹಂಡೆ ತುಂಬ ತಂದಿದ್ದ. ಹಂಡೆ ಅಂದ್ರೆ ಎಂಥದ್ದು ಅಂತೀರಿ, ಅದನ್ನ ಇಳಿಸೋಕೇ ಬಂದರಿನ ಕ್ರೇನು... ಅರೇ, ಎದ್ರಾ? ಕೂತ್ಕೊಳ್ಳಿ ಸ್ವಾಮಿ, ಆ ಕ್ರೇನಿನವನು ಇವತ್ತಿಗೂ ಬದುಕಿದ್ದಾನೆ, ಬೇಕಾದ್ರೆ ಕೇಳಿ, ಹಂಡೆ ಮೇಲೆತ್ತಿದ್ದೇ ತಡ ಅದರೊಳಗಿಂದ ಒಂದು...