ಎಂಪೆರಿಪೊಲೆಸಿಸ್‌ಗೆ ಮೂರನೇ ಸಾಕ್ಷಿ

ನಮ್ಮ ನಿಘಂಟು ಕಚೇರಿಯಲ್ಲಿ ಒಂದು ಕಟ್ಟುಪಾಡಿದೆ. ಪದ ಎಷ್ಟೇ ಘನವಾದದ್ದಿರಲಿ, ಬೇರೆ ಬೇರೆ ಮೂವರು ಅದನ್ನು ಬರೆದು ಬಳಸಿದ್ದಕ್ಕೆ ಸಾಕ್ಷಿ ಬೇಕು. ಎರಡೇ ಸಿಕ್ಕರೆ ಪದದ ಚೀಟಿ ಕೆಳಗಿನ ಡ್ರಾಯರಿಗೆ ಹೋಗುತ್ತದೆ. ಆ ಡ್ರಾಯರಿನಿಂದ ವಾಪಸು ಬಂದ ಪದವನ್ನು ಯಾರೂ ಕಂಡಿಲ್ಲ.

ನನ್ನ ಪಾಲಿಗೆ ಬಂದ ಮೊದಲ ಪದ ಎಂಪೆರಿಪೊಲೆಸಿಸ್. ಒಂದು ಜೀವಕೋಶ ಇನ್ನೊಂದರ ಹೊಟ್ಟೆಯೊಳಕ್ಕೆ ಹೊಕ್ಕು, ಅಲ್ಲೆಲ್ಲ ಸುತ್ತಾಡಿ, ಹೊರಗೆ ಬರುವುದು. ಒಳಗೆ ಹೋದದ್ದು ಅರಗಿಹೋಗುವುದಿಲ್ಲ, ಒಳಗೆ ಬಿಟ್ಟುಕೊಂಡದ್ದಕ್ಕೂ ಏನೂ ಆಗುವುದಿಲ್ಲ. ಅರ್ಥ ಬರೆಯಲು ಒಂದು ಬೆಳಗು ಸಾಕಾಯಿತು. ಬಳಕೆ ಮಾತ್ರ ಐದು ವಾರ ಹುಡುಕಿದರೂ ಎರಡೇ. ಶುಕ್ರವಾರಕ್ಕೆ ನನ್ನ ಪರೀಕ್ಷಾವಧಿಯ ಆರು ತಿಂಗಳು ಮುಗಿಯುತ್ತಿತ್ತು. ಮೊದಲ ಪದ ಉಳಿಸಿಕೊಂಡವರಿಗಷ್ಟೇ ಕೆಲಸ ಕಾಯಂ ಎಂದು ನಾನು ಸೇರಿದ ದಿನವೇ ಸಂಪಾದಕರು ಹೇಳಿದ್ದರು.

ಕಾಯಂ ಆಗದಿದ್ದರೆ ಏನು ಎಂಬುದನ್ನು ಅಮ್ಮ ಆಗಲೇ ತೀರ್ಮಾನಿಸಿಬಿಟ್ಟಿದ್ದಳು. ಸೋದರಮಾವನ ಚಪ್ಪಲಿ ಅಂಗಡಿ. ಬಾಗಿಲಲ್ಲಿ ನಿಂತು ದಾರಿಹೋಕರನ್ನು ಕೂಗಿ ಕರೆಯುವ ಕೆಲಸ. "ನಿನ್ನ ನಾಚಿಕೆಗೆ ಅದೇ ಮದ್ದು" ಎಂದಳು. ಬಸ್ಸಿನಲ್ಲಿ 'ಇಳೀಬೇಕು' ಎನ್ನಲು ಬಾಯಿ ಬಾರದೆ ಎರಡು ನಿಲ್ದಾಣ ಮುಂದೆ ಇಳಿದು ನಡೆದು ಬರುವವಳು ನಾನು.

ಅಜ್ಜಿ ಪದದ ಅರ್ಥ ಕೇಳಿಸಿಕೊಂಡು, "ಓ, ನಿನ್ನ ದೊಡ್ಡಮ್ಮ ಬಂದ ಹಾಗೆ. ಬೀರು, ಅಡುಗೆಮನೆ, ಮಂಚದ ಕೆಳಗೆ ಎಲ್ಲಾ ಸುತ್ತಿ ಹೋಗ್ತಾಳಲ್ಲ" ಎಂದರು.

"ಯಾರಿಗೂ ಏನೂ ತೊಂದರೆ ಆಗಬಾರದು ಅಜ್ಜಿ."

"ಹಾಗಾದ್ರೆ ಅವಳಲ್ಲ ಬಿಡು."

ಬುಧವಾರ ಸಂಪಾದಕರು ನನ್ನನ್ನು ದೊಡ್ಡಾಸ್ಪತ್ರೆಯ ಪ್ರಯೋಗಾಲಯಕ್ಕೆ ಅಟ್ಟಿದರು. ಗೇಟಿನಲ್ಲಿ ಕಾವಲುಗಾರ ಸ್ಕೂಟರಿನವನೊಬ್ಬನ ಜೊತೆ ಜಗಳಕ್ಕೆ ನಿಂತಿದ್ದ. ನಡುವೆ ಬಾಯಿ ಹಾಕುವುದು ಹೇಗೆ? ಸುಮ್ಮನೆ ಒಳಗೆ ಹೋದೆ.

ಮೊದಲ ಕೋಣೆಯಲ್ಲಿ ಒಬ್ಬರು ತಲೆಯೆತ್ತದೆ, "ಬಂದ್ರಾ? ಹಿಡ್ಕೊಳ್ಳಿ" ಎಂದು ಖಾಲಿ ಟ್ರೇ ಕೊಟ್ಟರು. ಹಿಡಿದುಕೊಂಡೆ. ಎರಡನೆಯದರಲ್ಲಿ, "ಫ್ರಿಜ್ ರಿಪೇರಿಯವರಾ? ಸಂಜೆ ಬನ್ನಿ" ಎಂದರು. ತಲೆಯಾಡಿಸಿದೆ. ಮೂರನೆಯದರಲ್ಲಿ ಹೊಸ ಕುರ್ಚಿ ಕೊಳ್ಳಬೇಕೋ ಬೇಡವೋ ಎಂಬ ಸಭೆ. ಯಾರೋ ಸ್ಟೂಲು ಎಳೆದು ಕೊಟ್ಟರು, ಕೂತೆ. ಎಲ್ಲರೂ ಕೈಯೆತ್ತಿದಾಗ ನಾನೂ ಎತ್ತಿದೆ.

ಸಭೆ ಮುಗಿದ ಮೇಲೆ ಹಿರಿಯ ಡಾಕ್ಟರಮ್ಮ ಕನ್ನಡಕವನ್ನು ಹಣೆಗೇರಿಸಿ ನನ್ನನ್ನೇ ನೋಡಿದರು. "ಆಗಿನಿಂದ ಎಲ್ಲಾ ಕೋಣೇಲೂ ನಿಮ್ಮನ್ನೇ ನೋಡ್ತಿದೀನಿ. ಯಾರಮ್ಮ ನೀವು?"

ನನ್ನ ಚಪ್ಪಲಿ ನೋಡಿಕೊಂಡು ಒಂದೇ ಉಸಿರಿಗೆ ಎಲ್ಲ ಹೇಳಿದೆ.

ಅವರು ಕುಲುಕುಲು ನಕ್ಕರು. "ಇಪ್ಪತ್ತೆರಡು ವರ್ಷದಲ್ಲಿ ಎರಡು ಸಲ ಕಂಡಿದೀನಿ. ಹಳೇ ವರದಿ ಕೊಡೋ ಹಾಗಿಲ್ಲ, ಅದು ರೋಗಿಗಳದ್ದು. ಹೊಸದು ಬರೀಬೇಕಂದ್ರೆ ಸೂಕ್ಷ್ಮದರ್ಶಕದ ಗಾಜಿನ ಮೇಲೆ ಕಾಣಿಸ್ಬೇಕು. ನಿಮ್ಮ ನಿಘಂಟಿಗೋಸ್ಕರ ಯಾರಿಗಾದ್ರೂ ಕಾಯಿಲೆ ತರಿಸ್ಲಾ?"

ಬೇಡ ಎಂದು ತಲೆಯಾಡಿಸಿ ಕೆಳಗಿಳಿದೆ.

ಗೇಟಿನಲ್ಲಿ ಕಾವಲುಗಾರ ಬಂದುಹೋದವರ ಪುಸ್ತಕದಲ್ಲಿ ಬೆರಳಾಡಿಸಿದ. "ನಿಮ್ಮ ಹೆಸರೇ ಇಲ್ವಲ್ಲ! ಒಳಗೆ ಬರದೇ ಇರೋರನ್ನ ಹೊರಗೆ ಹೇಗಮ್ಮ ಬಿಡ್ಲಿ?"

ಡಾಕ್ಟರಮ್ಮನ ಕೋಣೆಯತ್ತ ಬೆರಳು ತೋರಿಸಿದೆ. ಆತ ಮೇಲಕ್ಕೆ ಫೋನು ಮಾಡಿದ. ಡಾಕ್ಟರಮ್ಮನೇ ಇಳಿದು ಬಂದರು.

"ಬಿಡಪ್ಪಾ, ಪಾಪದ ಹುಡುಗಿ."

"ಕಾರಣ ಅಂತ ಕಾಲಂ ಇದೆ ಮೇಡಂ. ಅಧಿಕಾರಿಗಳು ತುಂಬಿದ್ರೆ ಬಿಡ್ತೀನಿ."

ಡಾಕ್ಟರಮ್ಮ ಪೆನ್ನು ತೆಗೆದು, ಒಂದು ಕ್ಷಣ ನನ್ನ ಮುಖ ನೋಡಿ ಬರೆದರು: 'ಎಂಪೆರಿಪೊಲೆಸಿಸ್. ಒಳಗೆ ಬಂದರು, ಎಲ್ಲ ಕೋಣೆ ಸುತ್ತಿದರು, ಏನನ್ನೂ ಕೆಡಿಸಲಿಲ್ಲ, ಬಂದ ಹಾಗೇ ಹೊರಟರು.' ಸಹಿ, ತಾರೀಖು.

"ಇದು ಯಾವ ಇಲಾಖೆ ಮೇಡಂ?" ಎನ್ನುತ್ತಾ ಆತ ಅದರ ಮೇಲೆ ಠಪ್ಪನೆ ಮುದ್ರೆ ಒತ್ತಿದ.

ಮೂರನೇ ಸಾಕ್ಷಿ! ಫೋನು ತೆಗೆದೆ. ಆತ ಪುಸ್ತಕ ಮುಚ್ಚಿಬಿಟ್ಟ. "ಫೋಟೋಗೆ ಅವರ ಒಪ್ಪಿಗೆ ಬೇಕು." ಡಾಕ್ಟರಮ್ಮ ಅಂಗಳ ದಾಟಿ ಆಗಲೇ ಮೆಟ್ಟಿಲ ಬಳಿಯಿದ್ದರು.

"ಮೇಡಂ! ಸ್ವಲ್ಪ ನಿಂತ್ಕೊಳ್ಳಿ ಮೇಡಂ! ಫೋಟೋ ತೆಗೀಲಾ?"

ಸ್ಕೂಟರುಗಳ ಬಳಿ ಇದ್ದವರೆಲ್ಲ ತಿರುಗಿದರು. ಯಾರು ಹೀಗೆ ಕಿರುಚಿದ್ದು ಎಂದು ನಾನೂ ತಿರುಗಿ ನೋಡಿದೆ. ಅವರು ಅಲ್ಲಿಂದಲೇ ಕೈಯಾಡಿಸಿ ಒಪ್ಪಿಗೆ ಕೊಟ್ಟರು.

ಶುಕ್ರವಾರ ಸಂಪಾದಕರು ಭೂತಗನ್ನಡಿ ಹಿಡಿದು ಫೋಟೋ ನೋಡಿದರು. "ಬರೆದವರು ತಜ್ಞರು. ಸಹಿ ಇದೆ. ಮುದ್ರೆ ಬೇರೆ! ಆದ್ರೆ ಜೀವಕೋಶ ಎಲ್ಲಮ್ಮ?"

"ನಾನೇ ಸಾರ್."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಚೀಟಿಯಲ್ಲಿ ಎರಡು ಎಂಬ ಅಂಕಿ ಬರೆದು ಸುತ್ತು ಹಾಕಿದರು. "ಹಾಗಾದ್ರೆ ಇದು ಎರಡನೇ ಅರ್ಥ. ಪದ ಬರೆದ ಕೈ ಮೂರಾಯ್ತು, ಪದ ಉಳೀತು, ನೀವೂ ಉಳಿದ್ರಿ. ಆದ್ರೆ ಎರಡನೇ ಅರ್ಥ ಅಚ್ಚಾಗ್ಬೇಕಂದ್ರೆ ಅದಕ್ಕೂ ಇನ್ನೆರಡು ಸಾಕ್ಷಿ ಬೇಕಲ್ಲ?"

"ಎಲ್ಲಿಂದ ತರಲಿ ಸಾರ್?"

"ಊರಲ್ಲಿ ಕಚೇರಿಗಳಿಗೇನು ಬರವೇ? ನುಗ್ಗಿ."

ಸೋಮವಾರ ನೀರಿನ ಕಚೇರಿ. ಅಲ್ಲಿ ಈ ಪದ ಯಾರಿಗೂ ಗೊತ್ತಿಲ್ಲ, ವಿಚಾರಿಸಿದೆ. ಒಳಗೆಲ್ಲ ಸುತ್ತಾಡಿದ ಮೇಲೆ ಗೇಟಿನಲ್ಲಿ ನಿಂತು, ಅರ್ಥವನ್ನು ನಾನೇ ಎಲ್ಲರಿಗೂ ವಿವರಿಸಿ ಹೇಳಿ, ಅವರ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ನಿನ್ನೆಯಿಂದ ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಿದ್ದೇನೆ. ಪಕ್ಕದ ಕೋಣೆಯಿಂದ ಅಜ್ಜಿ, "ಕೇಳಿಸ್ತಾ ಇಲ್ಲ, ಇನ್ನೂ ಜೋರಾಗಿ!" ಎನ್ನುತ್ತಿದ್ದಾರೆ.