ಹಗ್ಗದಲ್ಲಿ ಓಡಿದ ಅಲೆ

ಟ್ಯಾಬ್ಲೆಟ್ಟುಗಳು ಬಂದ ಮೇಲೆ ಶಾಲೆಯ ಪ್ರಯೋಗಾಲಯಕ್ಕೆ ಕಾಲಿಡುತ್ತಿದ್ದವರು ಇಬ್ಬರೇ: ಫಿಸಿಕ್ಸ್ ಟೀಚರಮ್ಮ ಮತ್ತು ಒಂಬತ್ತನೇ ತರಗತಿಯ ಚೂಟಿ. ಚೂಟಿಗೆ ಹುಟ್ಟಿನಿಂದ ಕಣ್ಣು ಕಾಣದು. ಮಾತು ಮಾತ್ರ ಅರಳು ಹುರಿದಂತೆ.

ತರಗತಿಯಲ್ಲಿ ಟ್ಯಾಬ್ಲೆಟ್ಟಿನೊಳಗಿನ ಹೆಂಗಸು ಜೇನಿನಂಥ ದನಿಯಲ್ಲಿ, "ಇಲ್ಲಿ ನೋಡಿ ಮಕ್ಕಳೇ, ಅಲೆ ಹೀಗೆ ಸಾಗುತ್ತದೆ" ಎಂದಿದ್ದಳು.

"ಹೀಗೆ ಅಂದ್ರೆ ಹೇಗೆ ಮಿಸ್?" ಎಂದಳು ಚೂಟಿ.

ಟೀಚರಮ್ಮ ಅವಳ ಬೆರಳು ಹಿಡಿದು ಗಾಜಿನ ಮೇಲೆ ಆಡಿಸಿದರು. ನುಣ್ಣನೆಯ ಗಾಜಿನಲ್ಲಿ ಉಬ್ಬೆಲ್ಲಿ, ತಗ್ಗೆಲ್ಲಿ? ಸಾಲದ್ದಕ್ಕೆ ಬೆರಳು ತಗುಲಿ ಪಾಠವೇ ಮುಂದಕ್ಕೆ ಹಾರಿತು.

ಅದಕ್ಕೇ ಪ್ರಯೋಗಾಲಯ. ಟೀಚರಮ್ಮ ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಝಾಡಿಸಿದರು. ನಡುವೆ ಕೈಯಿಟ್ಟು ನಿಂತ ಚೂಟಿ ಕುಣಿದೇಬಿಟ್ಟಳು.

"ಬಂತು ಮಿಸ್! ಕೈ ಕೆಳಗೇ ಓಡಿಹೋಯ್ತು!"

"ಹಗ್ಗ ಓಡ್ತಾ?"

"ಹಗ್ಗ ಇಲ್ಲೇ ಇದೆಯಲ್ಲ. ಓಡಿದ್ದು ಬರೀ ಅಲುಗಾಟ."

ಕಣ್ಣಿದ್ದವರ ಪೈಕಿ ಇಷ್ಟು ಹೇಳಿದವರು ಇಡೀ ತರಗತಿಯಲ್ಲಿ ಒಬ್ಬರೂ ಇರಲಿಲ್ಲ.

ಆದರೆ ಪರೀಕ್ಷೆ ಟ್ಯಾಬ್ಲೆಟ್ಟಿನಲ್ಲೇ. ಪಾಸಾಗದವರು ಫಿಸಿಕ್ಸ್ ಬಿಡಬೇಕೆಂದು ಹೆಡ್‌ಮಾಸ್ತರರ ಕಟ್ಟಪ್ಪಣೆ. ಚೂಟಿಗೆ ಬಾಯಲ್ಲೇ ಪ್ರಶ್ನೆ ಕೇಳುತ್ತೇನೆಂದು ಟೀಚರಮ್ಮ ಗೋಗರೆದರು. "ಒಬ್ಬಳಿಗೊಂದು, ಮಿಕ್ಕವರಿಗೊಂದು ಅಂತ ಮಾಡಕ್ಕಾಗಲ್ಲ ಮೇಡಂ" ಎಂದರು ಆ ಧರ್ಮಾತ್ಮರು.

ಪ್ರಶ್ನೆ ಬಂತು: ತರಂಗದೂರವನ್ನು ಬೆರಳಿನಿಂದ ಎಳೆದು ತೋರಿಸಿ. ಟೀಚರಮ್ಮ ಓದಿ ಮುಗಿಸುವ ಮೊದಲೇ ಚೂಟಿ, "ಒಂದು ಉಬ್ಬಿನ ನೆತ್ತಿಯಿಂದ ಮುಂದಿನ ಉಬ್ಬಿನ ನೆತ್ತಿವರೆಗೆ" ಎಂದು ಬೆರಳೆಳೆದಳು. ತಪ್ಪು. ಮತ್ತೆ ಎಳೆದಳು. ಮತ್ತೂ ತಪ್ಪು.

"ಬೇಸರ ಬೇಡ! ಚಿತ್ರವನ್ನು ಇನ್ನೊಮ್ಮೆ ಗಮನವಿಟ್ಟು ನೋಡಿ" ಎಂದಿತು ಜೇನಿನ ದನಿ.

ಚೂಟಿ ಗಾಜಿನಿಂದ ಬೆರಳು ಹಿಂದಕ್ಕೆಳೆದುಕೊಂಡಳು. ಟೀಚರಮ್ಮ ಅತ್ತಿತ್ತ ನೋಡಿ, "ನೀನು ಹೇಳ್ತಾ ಹೋಗು, ನಾನು ಎಳೀತೀನಿ" ಎಂದು ಪಿಸುಗುಟ್ಟಿದರು. ಆಮೇಲೆ ಚೂಟಿ ಹೇಳಿದ್ದೆಲ್ಲ ಸರಿಯಾಯಿತು.

ಮರುದಿನ ಹೆಡ್‌ಮಾಸ್ತರರು ಅಟೆಂಡರನನ್ನು ಕರೆದುಕೊಂಡು ಪ್ರಯೋಗಾಲಯಕ್ಕೇ ಬಂದರು. "ನಾನ್ ಹೇಳ್ಲಿಲ್ವಾ ಮೇಡಂ? ಕಣ್ಣು ಕಾಣದ ಮಗೂನೇ ಟ್ಯಾಬ್ಲೆಟ್ಟಲ್ಲಿ ಪಾಸಾಯ್ತು! ಇನ್ನು ಈ ಹಳೇ ಸಾಮಾನೆಲ್ಲ ಯಾರಿಗೆ? ರೂಮ್ ಖಾಲಿ ಮಾಡ್ಸಿಬಿಡೋಣ."

ನಿಜ ಹೇಳಿದರೆ ಹುಡುಗಿ ಫೇಲು. ಟೀಚರಮ್ಮನಿಗೆ ತಮ್ಮ ಮೇಲೇ ಹೇಸಿಗೆಯಾಯಿತು, ಆದರೂ ಬೀರುವಿನ ಬೀಗದಕೈ ತೆಗೆದುಕೊಟ್ಟರು. ಅಟೆಂಡರ್ ಮಸೂರ, ಅಯಸ್ಕಾಂತಗಳನ್ನೆಲ್ಲ ಡಬ್ಬಕ್ಕೆ ತುಂಬಿದ. ಕೊನೆಗೆ ಹಗ್ಗ ಬಿಚ್ಚಿ ಸುತ್ತಿಕೊಂಡು ಹೆಡ್‌ಮಾಸ್ತರರ ಹಿಂದೆಯೇ ಹೋದ.

ಅಷ್ಟರಲ್ಲಿ ಚೂಟಿ ಗೋಡೆ ಸವರುತ್ತ ಒಳಗೆ ಬಂದಳು. ಮುಖ ಊರಗಲ. "ಪಾಸಾದ್ನಲ್ಲ ಮಿಸ್, ಇನ್ನು ನನ್ನ ಯಾರೂ ಫಿಸಿಕ್ಸಿಂದ ಕಳ್ಸಲ್ಲ! ಮುಂದಿನ ಪಾಠ ಯಾವ್ದು?"

"ಬೆಳಕು" ಎಂದರು ಟೀಚರಮ್ಮ.

"ಅದನ್ನೂ ಇಲ್ಲೇ ಹೇಳ್ಕೊಡಿ" ಎನ್ನುತ್ತ ಚೂಟಿ ಕಿಟಕಿಯ ಸರಳುಗಳ ಮೇಲೆ ಕೈಯಾಡಿಸಿ ಹಗ್ಗ ಹುಡುಕತೊಡಗಿದಳು.